ಮದ್ದು ಮನೆ ಮುಟ್ಟುವ ದಾರಿ

ಮನೆಯ ಮಗನಾಗಲಿ ಮಗಳಾಗಲಿ ವೈದ್ಯಪರೀಕ್ಷೆಯಲ್ಲಿ ತೇರ್ಗಡೆಯಾದರೆಂದರೆ ಬಂಧುಬಾಂಧವರೆಲ್ಲರೂ ಹಿಗ್ಗುವುದು ಸಹಜವೇ. ಆದರೆ ಅದೇ ಮಗುವು, “ಇನ್ನೂ ಮೂರು ವರುಷ ಓದಬೇಕು, ಎಂ.ಡಿ. ಮಾಡಬೇಕು” ಎಂದಾಗ ಹಿರಿಯರ ಮುಖವು ಸ್ವಲ್ಪ ಸಪ್ಪಗಾಗುವುದನ್ನೂ ನಾವು ಬಲ್ಲೆವು. ಅದರ ಮೇಲೆ, “ಥೀಸಿಸ್ ಬರೆಯುವುದಿದೆ, ಈ ಸಲ ಹಬ್ಬಕ್ಕೆ ಬರಲಾರೆ” ಎಂದು ಬಳ್ಳಾರಿಯ ವಿದ್ಯಾರ್ಥಿನಿಲಯದಿಂದ ಮಾತು ಬಂದರಂತೂ, “ರೋಗಿಯ ನಾಡಿ ಹಿಡಿಯಬೇಕಾದವರಿಗೆ ಈ ಬರೆಯುವ ಉಸಾಬರಿಯೇಕೆ?” ಎಂದು ಸಿರುಗುಪ್ಪದ ಜಗಲಿಯ ಮೇಲೆ ಕುಳಿತ ಅಜ್ಜನು ಕೇಳದಿರಲಾರನು. ಈ ಪ್ರಶ್ನೆಯು ನ್ಯಾಯವಾದುದು. ಮಕ್ಕಳ ಓದಿಗಾಗಿ ಹೊಲವನ್ನು ಅಡವಿಟ್ಟ ಮನೆಯವರಿಗೆ ಆ ಓದಿನ ಪ್ರಯೋಜನವನ್ನು ತಿಳಿಯುವ ಹಕ್ಕು ಇದ್ದೇ ಇದೆ. ಆದುದರಿಂದ ಈ ತಿಂಗಳ ನಮ್ಮ ಮಾತು ಈ ವಿಷಯವನ್ನು ಕುರಿತದ್ದು.

ಹೊಸ ಮದ್ದೊಂದು ಪ್ರಯೋಗಶಾಲೆಯಲ್ಲಿ ಹುಟ್ಟಿದ ಮಾತ್ರದಿಂದಲೇ ಅದು ರೋಗಿಯ ಬಾಯಿಗೆ ಬಂದು ಬೀಳುವುದಿಲ್ಲ. ಹುಟ್ಟಿದ ಜಾಗಕ್ಕೂ ಬೇಕಾದ ಜಾಗಕ್ಕೂ ನಡುವೆ ಬಹುದೂರದ ದಾರಿಯುಂಟು. ಆ ದಾರಿಯಲ್ಲಿ ಮದ್ದನ್ನು ಹೇಗೆ ನಡೆಸಿಕೊಂಡು ಬರಬೇಕೆಂಬುದನ್ನು ವಿಚಾರಿಸುವ ಶಾಸ್ತ್ರವೇ ಬೇರೆಯಾಗಿ ಬೆಳೆದಿದೆ. ಅದಕ್ಕೆ ಟ್ರಾನ್ಸ್‌ಲೇಷನಲ್ ಮೆಡಿಸಿನ್ ಎಂದು ಹೆಸರು. ಒಂದು ನುಡಿಯ ಮಾತನ್ನು ಇನ್ನೊಂದು ನುಡಿಗೆ ತರುವಂತೆ, ಪ್ರಯೋಗಶಾಲೆಯ ತಿಳಿವನ್ನು ಚಿಕಿತ್ಸೆಯನ್ನಾಗಿ ಮಾರ್ಪಡಿಸುವುದು ಅದರ ಅರ್ಥ. ತುಂಗಭದ್ರೆಯ ದಡದವರಿಗೆ ಬೇಗ ತಿಳಿಯುವಂತೆ ಹೇಳಬೇಕಾದರೆ, ಇದು ದಾಟಿಸುವ ವಿದ್ಯೆ. ಆಚೆಯ ದಡದಲ್ಲಿರುವ ಸರಕನ್ನು ನೆನೆಯದಂತೆ, ಮುಳುಗದಂತೆ ಈಚೆಯ ದಡಕ್ಕೆ ತರುವ ಹರಿಗೋಲಿನವನ ವಿದ್ಯೆ.

ದಾಟಬೇಕಾದ ಹೊಳೆಗಳು ಮೂರು. ಗಾಜಿನ ಪಾತ್ರೆಯಲ್ಲಿಯೂ ಇಲಿಯ ಮೈಯಲ್ಲಿಯೂ ಕಂಡ ಗುಣವು ಮನುಷ್ಯನ ಮೈಯಲ್ಲಿಯೂ ಕಾಣುವುದೇ ಎಂದು ನೋಡುವುದು ಮೊದಲನೆಯದು. ಕೆಲವು ಮಂದಿಯಲ್ಲಿ ಕಂಡ ಗುಣವು ನೂರಾರು ಸಾವಿರಾರು ಮಂದಿಯಲ್ಲಿಯೂ ನಿಜವಾಗಿ ನಿಲ್ಲುವುದೇ, ಕೇಡಿಗಿಂತ ಲಾಭ ಹೆಚ್ಚೇ ಎಂದು ಅಳೆದು ತೂಗುವುದು ಎರಡನೆಯದು. ಹಾಗೆ ನಿಜವೆಂದು ತಿಳಿದ ಚಿಕಿತ್ಸೆಯನ್ನು ಊರೂರಿಗೂ ಮನೆಮನೆಗೂ ಮುಟ್ಟಿಸುವುದು ಮೂರನೆಯದು. ಮೊದಲ ಹೊಳೆಯಲ್ಲಿಯೇ ಮುಳುಗಿಹೋದ ಮದ್ದುಗಳಿಗೆ ಲೆಕ್ಕವಿಲ್ಲ. ಮೂರನೆಯ ಹೊಳೆಯ ದಡದಲ್ಲಿ ಹರಿಗೋಲಿಲ್ಲದೆ ನಿಂತಿರುವ ಮದ್ದುಗಳೂ ಕಡಿಮೆಯಲ್ಲ.

ನಮ್ಮ ಗೃಹಿಣಿಯರು ಬಲ್ಲ ಒಂದು ಗುಳಿಗೆಯ ಕಥೆಯಿಂದ ಇದು ಸ್ಪಷ್ಟವಾಗುವುದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಗೆ ಬಂದು, ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರಿಗೆ ಬರುತ್ತಿದ್ದ ಒಂದು ಬಗೆಯ ಘೋರ ರಕ್ತಹೀನತೆಯ ಕಾರಣವನ್ನು ಅರಸತೊಡಗಿದರು. ಅವರ ಊಟದಲ್ಲಿ ಯಾವುದೋ ಒಂದು ಪದಾರ್ಥದ ಕೊರತೆಯಿದೆಯೆಂದು ಊಹಿಸಿ, ಪ್ರಾಣಿಗಳ ಮೇಲೆಯೂ ಪರೀಕ್ಷಿಸಿ, ಈಸ್ಟಿನ ಸಾರವನ್ನು ಕೊಟ್ಟರೆ ರಕ್ತವು ಚೇತರಿಸಿಕೊಳ್ಳುವುದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದೊಳಗಿನ ವಸ್ತುವು ಯಾವುದೆಂದು ಆಗ ತಿಳಿದಿರಲಿಲ್ಲ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಕರೆದರು. ಆಂಧ್ರದ ಭೀಮವರದಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ದುಡಿದ ಯೆಲ್ಲಾಪ್ರಗಡ ಸುಬ್ಬರಾಯರ ಬಳಗವು 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸುವ ಬಗೆಯನ್ನು ಕಂಡುಹಿಡಿಯಿತು. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಗುಳಿಗೆಯನ್ನು ಗರ್ಭಿಣಿಯರಿಗೆ ಹಂಚುವ ಯೋಜನೆಯನ್ನು ಭಾರತ ಸರಕಾರವು ಕೈಕೊಂಡುದು 1970ರಲ್ಲಿ. ಮುಂಬಯಿಯ ಗರ್ಭಿಣಿಯರ ಹಾಸಿಗೆಯ ಬಳಿ ಹುಟ್ಟಿದ ತಿಳಿವು ಲಂಡನ್ನು, ಅಮೆರಿಕಗಳನ್ನು ಸುತ್ತಿ ಮತ್ತೆ ನಮ್ಮ ಹಳ್ಳಿಗಳಿಗೆ ಬರುವುದಕ್ಕೆ ಹೆಚ್ಚುಕಡಿಮೆ 40 ವರುಷಗಳು ಹಿಡಿದುವು.

ಈಗಿನ ವಿಧಿಯಂತೆ ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಈ ಗುಳಿಗೆಯನ್ನು ಸೇವಿಸತಕ್ಕದ್ದು. ಒಂದೊಂದರಲ್ಲಿಯೂ 60 ಮಿಲಿಗ್ರಾಮ್ ಕಬ್ಬಿಣ, 500 ಮೈಕ್ರೋಗ್ರಾಮ್ ಫೋಲಿಕ್ ಆಮ್ಲ ಇರುತ್ತದೆ. ಆಶಾ ಕಾರ್ಯಕರ್ತೆಯು ಅದನ್ನು ಮನೆಯ ಬಾಗಿಲಿಗೇ ತಂದುಕೊಡುತ್ತಾಳೆ. ಇಷ್ಟು ದೂರ ಬಂದ ಗುಳಿಗೆಯು ಕಟ್ಟಕಡೆಗೆ ಏನಾಗುವುದು? ಓಕರಿಕೆ ಬರುವುದೆಂದು, ಮಲವು ಕಪ್ಪಾಗುವುದೆಂದು, ಕೂಸು ಕಪ್ಪಗೆ ಹುಟ್ಟೀತೆಂದು ಅತ್ತೆಯೋ ನೆರೆಯವಳೋ ಹೇಳಿದ ಮಾತಿಗೆ ಅದು ಗೋಡೆಯ ಗೂಡಿನಲ್ಲಿ ಧೂಳು ಹಿಡಿದು ಕುಳಿತಿರುವುದನ್ನು ಎಷ್ಟು ಮನೆಗಳಲ್ಲಿ ಕಾಣುವುದಿಲ್ಲ! ಮೂರು ಹೊಳೆಗಳನ್ನು ದಾಟಿ ಬಂದ ಮದ್ದು ಹೊಸ್ತಿಲಿನ ಒಳಗೆ ಸೋಲುವುದು. ಆ ಸೋಲಿನ ಕಾರಣವನ್ನು ಲಂಡನ್ನಿನ ಪ್ರಯೋಗಶಾಲೆಯು ಹೇಳಲಾರದು. ಕುರುಗೋಡಿನ ಮೆಣಸಿನಕಾಯಿಯ ಹೊಲದಿಂದ ಸಂಜೆ ಮನೆಗೆ ಬಂದ ಗರ್ಭಿಣಿಯನ್ನು ಕುಳ್ಳಿರಿಸಿಕೊಂಡು, “ತಾಯಿ, ಎಷ್ಟು ಗುಳಿಗೆ ನುಂಗಿದೆ, ಎಷ್ಟು ಬಿಟ್ಟೆ, ಏಕೆ ಬಿಟ್ಟೆ?” ಎಂದು ಸಮಾಧಾನದಿಂದ ಕೇಳಿ ಬರೆದುಕೊಳ್ಳಬಲ್ಲವರೇ ಹೇಳಬೇಕು. ಅಜ್ಜನು ಉಸಾಬರಿಯೆಂದು ಕರೆದ ಬರವಣಿಗೆಯಲ್ಲಿ ಇಂಥದೂ ಒಂದು.

ಹಳ್ಳಿಯ ಕಷ್ಟದಿಂದಲೇ ಹುಟ್ಟಿದ ಪ್ರಶ್ನೆಯೊಂದು ಲೋಕಕ್ಕೆಲ್ಲ ಉತ್ತರ ಕೊಟ್ಟುದುಂಟೇ ಎಂದರೆ, ನಮ್ಮ ಕರ್ನಾಟಕದಲ್ಲಿಯೇ ಉಂಟು. ಹೆರಿಗೆಯಾದ ಮೇಲೆ ಗರ್ಭಕೋಶವು ಸರಿಯಾಗಿ ಕುಗ್ಗದೆ ಹೋದರೆ ರಕ್ತವು ನಿಲ್ಲದೆ ಹರಿದು ಬಾಣಂತಿಯು ಕೆಲವೇ ಗಂಟೆಗಳಲ್ಲಿ ಪ್ರಾಣ ಬಿಡಬಹುದು. ಅದನ್ನು ತಡೆಯಲು ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಬಹುಕಾಲದಿಂದ ಇದೆ. ಆದರೆ ಅದನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿಯೇ ಇಡಬೇಕು. ಚುಚ್ಚುವ ಕೈ ಬೇಕು. ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರುವ ಬಳ್ಳಾರಿಯ ಬಿಸಿಲನ್ನು ಉಂಡವರಿಗೆ, ವಿದ್ಯುತ್ತು ಕೈಕೊಟ್ಟ ಉಪಕೇಂದ್ರದಲ್ಲಿ ಆ ಮದ್ದಿನ ಗತಿಯೇನೆಂದು ವಿವರಿಸಬೇಕಾದುದಿಲ್ಲ.

ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನ ಡಾ. ಬಿ. ಎಸ್. ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ಡಾ. ರಿಚರ್ಡ್ ಡರ್ಮನ್ನರೊಡನೆ ಸೇರಿ ಈ ತೊಡಕನ್ನು ಕೈಗೆತ್ತಿಕೊಂಡರು. ಹೊಟ್ಟೆಯ ಹುಣ್ಣಿಗೆಂದು ಮೊದಲು ತಯಾರಾದ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಗೆ ಗರ್ಭಕೋಶವನ್ನು ಕುಗ್ಗಿಸುವ ಗುಣವಿತ್ತು. ಅದಕ್ಕೆ ತಂಪಿನ ಪೆಟ್ಟಿಗೆ ಬೇಡ, ಸೂಜಿಯೂ ಬೇಡ. ಆದರೆ ಹಳ್ಳಿಯಲ್ಲಿ ವೈದ್ಯರಿಲ್ಲದ ಹೆರಿಗೆಯಲ್ಲಿ ಅದು ನಿಜವಾಗಿಯೂ ಕೆಲಸ ಮಾಡುವುದೇ? 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, 25 ಮಂದಿ ಸಹಾಯಕ ದಾದಿಯರು ಮಾಡಿಸಿದ ಹೆರಿಗೆಗಳಲ್ಲಿ, ಒಪ್ಪಿಗೆ ಕೊಟ್ಟ 1620 ಮಂದಿ ತಾಯಂದಿರ ಮೇಲೆ ಇದನ್ನು ಪರೀಕ್ಷಿಸಿದರು. ಚೀಟಿ ಎತ್ತಿದಂತೆ, ಯಾರ ಇಷ್ಟಾನಿಷ್ಟಕ್ಕೂ ಎಡೆಯಿಲ್ಲದ ಕ್ರಮದಲ್ಲಿ, 812 ಮಂದಿಗೆ ಮಿಸೊಪ್ರೊಸ್ಟಾಲನ್ನೂ 808 ಮಂದಿಗೆ ನೋಟಕ್ಕೆ ಅದರಂತೆಯೇ ಇರುವ ಹುಸಿಗುಳಿಗೆಯನ್ನೂ ಕೊಡಲಾಯಿತು. ಯಾರಿಗೆ ಯಾವುದು ಹೋಯಿತೆಂಬುದು ತಾಯಿಗೂ ದಾದಿಗೂ ತಿಳಿಯದು. ತಿಳಿದರೆ ಅಳೆಯುವ ಕಣ್ಣು ಒಂದು ಕಡೆಗೆ ವಾಲಬಹುದಲ್ಲವೆ?

ಫಲವೇನೆಂದರೆ, ಹುಸಿಗುಳಿಗೆಯ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ ಅತಿರಕ್ತಸ್ರಾವವಾದರೆ, ಮದ್ದಿನ ಗುಂಪಿನಲ್ಲಿ ಅದು 6.4ಕ್ಕೆ ಇಳಿಯಿತು. ಒಂದು ಲೀಟರಿನಷ್ಟು ರಕ್ತ ಹೋಗುವ ಘೋರಸ್ಥಿತಿಯು ಸಾವಿರಕ್ಕೆ 12ರಿಂದ 2ಕ್ಕೆ ಇಳಿಯಿತು. 18 ಮಂದಿಗೆ ಗುಳಿಗೆ ಕೊಟ್ಟರೆ ಒಬ್ಬ ತಾಯಿಯು ಅತಿರಕ್ತಸ್ರಾವದಿಂದ ಪಾರಾಗುವಳೆಂದು ಲೆಕ್ಕವು ಹೇಳಿತು. 2006ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ವರದಿಯು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಕಾರ್ಯಕ್ಕಾಗಿ ಮಿಸೊಪ್ರೊಸ್ಟಾಲನ್ನು ಅವಶ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆದರೆ ವಾಚಕರು ಇಲ್ಲಿ ಒಂದು ಎಚ್ಚರಿಕೆಯನ್ನು ಮರೆಯಕೂಡದು: ತರಬೇತಿಯಾದವರು ಹೇಳಿದ ಹೊತ್ತಿಗೆ, ಹೇಳಿದ ಪ್ರಮಾಣದಲ್ಲಿ ಮಾತ್ರ ಸಲ್ಲುವ ಮದ್ದು ಇದು, ಅಂಗಡಿಯಿಂದ ತಂದು ಮನೆಯಲ್ಲಿಯೇ ಕೊಟ್ಟರೆ ಪ್ರಾಣಕ್ಕೇ ಅಪಾಯ.

ಇದರೊಡನೆ ಇನ್ನೊಂದು ಸಣ್ಣ ವಸ್ತುವೂ ಬೆಳಗಾವಿಯಿಂದ ಹೊರಟಿತು. ಹೋದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಿದರೆ ತಪ್ಪಾಗುವುದೆಂದು, ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಚೀಲವನ್ನು ಅಲ್ಲಿ ಬಳಸಿದರು. ಕಣ್ಣಿನ ಅಂದಾಜು ಚೀಲದ ಅಳತೆಗಿಂತ ನೂರಕ್ಕೆ 33ರಷ್ಟು ಕಡಿಮೆಯೆಂದು ಕಂಡುಬಂತು. ಎಂದರೆ ಮೂರು ಬಟ್ಟಲು ರಕ್ತ ಹೋದಾಗ ಕಣ್ಣಿಗೆ ಎರಡೇ ಕಾಣಿಸುತ್ತಿತ್ತು. ಅದೇ ಜಾತಿಯ ಅಳತೆಯ ಚೀಲವನ್ನಿಟ್ಟುಕೊಂಡು, ರಕ್ತ ಹೆಚ್ಚಾದ ಒಡನೆಯೇ ಮಾಡತಕ್ಕ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಕೊಡುವ ಕ್ರಮವನ್ನು ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ತಾಯಂದಿರಲ್ಲಿ ಪರೀಕ್ಷಿಸಿದಾಗ, ಘೋರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು, ಇವೆಲ್ಲ ಸೇರಿ ನೂರಕ್ಕೆ 4.3ರಿಂದ 1.6ಕ್ಕೆ ಇಳಿದುವೆಂದು 2023ರಲ್ಲಿ ತಿಳಿದುಬಂತು. ದೊಡ್ಡ ಯಂತ್ರವಲ್ಲ, ಬೆಲೆಬಾಳುವ ಮದ್ದಲ್ಲ. ಗೆರೆ ಎಳೆದ ಒಂದು ಚೀಲ! ನೋಡುವ ಕಣ್ಣಿಗೆ ಅಳೆಯುವ ಅಭ್ಯಾಸ ಸೇರಿದುದರ ಫಲ ಇದು. ಆ ಅಭ್ಯಾಸವನ್ನೇ ಮೂರು ವರುಷಗಳ ಪ್ರೌಢವ್ಯಾಸಂಗದಲ್ಲಿ ಕಲಿಸಬೇಕಾದುದು.

ಇನ್ನು ನಮ್ಮ ಬಳ್ಳಾರಿಗೆ ಬರುವ. ಇಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾದುದು 1961ರಲ್ಲಿ. ಮುಂದೆ ವಿಮ್ಸ್ ಎಂಬ ಹೆಸರಿನಿಂದ ಅದು ಸುತ್ತಣ ಜಿಲ್ಲೆಗಳ ಜನರ ಬಾಯಲ್ಲಿ ನೆಲೆಸಿತು. ಸಿರುಗುಪ್ಪದ ಭತ್ತದ ಗದ್ದೆಯವರೂ ಕುರುಗೋಡಿನ ಬೆದ್ದಲಿನವರೂ ಕಷ್ಟ ಬಂದಾಗ ಹೊರಡುವುದು ಆ ಆಸ್ಪತ್ರೆಯ ಕಡೆಗೇ. ರಾತ್ರಿಯ ಹೊತ್ತು ಅಲ್ಲಿ ಮೊದಲು ಎದುರಾಗುವ, ನಿದ್ದೆಗೆಟ್ಟ ಕಣ್ಣಿನ ಕಿರಿಯ ವೈದ್ಯರು ಬಹುಮಟ್ಟಿಗೆ ಈ ಪ್ರೌಢವಿದ್ಯಾರ್ಥಿಗಳೇ. ರೋಗಿಗಳ ಉಪಚಾರದ ಜೊತೆಗೆ ಅವರು ಒಂದು ಪ್ರಶ್ನೆಯನ್ನು ಆರಿಸಿಕೊಂಡು ಅದರ ಮೇಲೆ ಮಹಾಪ್ರಬಂಧವನ್ನು ಬರೆಯಬೇಕು. ಕಡೆಯ ಪರೀಕ್ಷೆಗೆ ಆರು ತಿಂಗಳು ಮುಂಚೆಯೇ ಅದನ್ನು ಒಪ್ಪಿಸಬೇಕು. ಪರೀಕ್ಷಕರು ಅಂಗೀಕರಿಸದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಸಂಶೋಧನೆಯ ವಿಧಾನವನ್ನೂ ಅದರ ಧರ್ಮಾಧರ್ಮಗಳನ್ನೂ ಬೇರೆಯಾಗಿ ಕಲಿಯಬೇಕು.

ಪ್ರಶ್ನೆಯನ್ನು ಆರಿಸಿದ ಮಾತ್ರಕ್ಕೆ ರೋಗಿಯ ಮೈಮುಟ್ಟುವಂತಿಲ್ಲ. ಸಂಸ್ಥೆಯ ನೀತಿಸಮಿತಿಯು ಮೊದಲು ಅನುಮತಿ ಕೊಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ನಿಯಮಗಳಂತೆ ಈ ಸಮಿತಿಯಲ್ಲಿ ವೈದ್ಯರಷ್ಟೇ ಅಲ್ಲ, ಕಾನೂನು ಬಲ್ಲವರೂ, ನಮ್ಮ ನಿಮ್ಮಂಥ ಸಾಮಾನ್ಯ ನಾಗರಿಕರೂ ಇರಬೇಕು. ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಹೊಸ ಮದ್ದಿನ ಪರೀಕ್ಷೆಯಾದರೆ, 2007ರಲ್ಲಿ ತೆರೆದ ರಾಷ್ಟ್ರೀಯ ದಾಖಲೆಯಲ್ಲಿ ಅದನ್ನು ಮೊದಲೇ ನಮೂದಿಸತಕ್ಕದ್ದು. ಏನನ್ನು ಅಳೆಯುವೆವೆಂದು ಮುಂಚಿತವಾಗಿ ಹೇಳಿಟ್ಟವನು ಆಮೇಲೆ ತನಗೆ ಬೇಕಾದುದನ್ನಷ್ಟೇ ಆರಿಸಿ ತೋರಿಸಲಾರನು.

ಇವೆಲ್ಲವುಗಳಿಗಿಂತಲೂ ನಮ್ಮ ಜಿಲ್ಲೆಯ ಮಟ್ಟಿಗೆ ಹೆಚ್ಚು ಮಹತ್ವದ್ದೆಂದು ನಮಗೆ ತೋರುವುದು ಇನ್ನೊಂದು ನಿಯಮ. 2020ರಲ್ಲಿ ಗೊತ್ತುಮಾಡಿದಂತೆ, ಪ್ರೌಢವಿದ್ಯಾರ್ಥಿಯು ಮೂರು ತಿಂಗಳ ಕಾಲ ತನ್ನ ಕಾಲೇಜನ್ನು ಬಿಟ್ಟು ಜಿಲ್ಲೆಯ ಆರೋಗ್ಯವ್ಯವಸ್ಥೆಯಲ್ಲಿ ದುಡಿಯಬೇಕು. ದೊಡ್ಡ ಆಸ್ಪತ್ರೆಯಲ್ಲಿ ಕುಳಿತವನಿಗೆ ರೋಗಿಯು ಬಾಗಿಲಿಗೆ ಬಂದ ಮೇಲಿನ ಕಥೆ ಮಾತ್ರ ತಿಳಿಯುವುದು. ಬಾಗಿಲಿಗೆ ಬರುವ ಮುನ್ನ ಅವನು ಎಷ್ಟು ದೂರ ನಡೆದನು, ಯಾರ ಮಾತು ಕೇಳಿದನು, ಯಾವ ಬಂಡಿಗಾಗಿ ಕಾದನು, ಇವೆಲ್ಲ ತಿಳಿಯಬೇಕಾದರೆ ತಾಲೂಕಿನ ಆಸ್ಪತ್ರೆಯ ಬೆಂಚಿನ ಬಳಿ ನಿಲ್ಲಬೇಕು.

ಇದರ ಬೆಲೆ ತಿಳಿಯಲು ಹಾವಿನ ವಿಷಯವನ್ನು ನೋಡಬಹುದು. ತುಂಗಭದ್ರೆಯ ಕಾಲುವೆಯ ನೀರು ಹರಿಯುವ ಸಿರುಗುಪ್ಪದ ಗದ್ದೆಗಳಲ್ಲಿ ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. 2000ದಿಂದ 2019ರವರೆಗಿನ 20 ವರುಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ವರುಷಕ್ಕೆ ಸರಾಸರಿ 58,000. ನಮ್ಮಲ್ಲಿ ಕೊಡುವ ವಿಷಹಾರಿ ಮದ್ದನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಕುದುರೆಗೆ ಸ್ವಲ್ಪ ಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಿಂದ ತಯಾರಿಸುತ್ತಾರೆ. ಆ ವಿಷದ ಬಹುಭಾಗವು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರತಕ್ಕದ್ದು. ಆದರೆ ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗುವುದರಿಂದ, ಅಲ್ಲಿನ ವಿಷದಿಂದಾದ ಮದ್ದು ಎಲ್ಲ ಕಡೆಯ ಕಡಿತಕ್ಕೂ ಸರಿಸಮನಾಗಿ ಹಿಡಿಯುವುದಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕಾರ್ತಿಕ್ ಸುನಗಾರ್ ಮೊದಲಾದವರು ಅಮೆರಿಕದ ಸಂಶೋಧಕರೊಡನೆ ಸೇರಿ, ಕುದುರೆಯ ನೆರವಿಲ್ಲದೆಯೇ ತಯಾರಿಸಿದ ಒಂದು ಪ್ರತಿವಿಷವನ್ನು 2024ರಲ್ಲಿ ಪ್ರಕಟಿಸಿದರು. ನಾಗರ, ಕಟ್ಟುಹಾವು ಮೊದಲಾದವುಗಳ ವಿಷದಲ್ಲಿ ನರಗಳನ್ನು ಕೆಡಿಸುವ ಒಂದು ಬಗೆಯ ನಂಜನ್ನು ಅದು ಇಲಿಗಳಲ್ಲಿ ತಡೆಯಿತು. ಶುಭವಾರ್ತೆಯೇ ಸರಿ. ಆದರೆ ಮೂರು ಹೊಳೆಗಳನ್ನು ನೆನೆದ ವಾಚಕರು ಕೂಡಲೆ ಹೇಳಬಲ್ಲರು: ಅದು ಇನ್ನೂ ಮೊದಲ ಹೊಳೆಯ ಆಚೆಯ ದಡದಲ್ಲಿದೆ. ಅದು ಈಚೆಗೆ ಬರುವ ದಿನಕ್ಕೆ ನಮ್ಮ ದಡದಲ್ಲಿ ಸಿದ್ಧವಾಗಿರಬೇಕಾದುದೇನು? ಕಚ್ಚಿದ ಎಷ್ಟು ಹೊತ್ತಿಗೆ ರೋಗಿಯು ಆಸ್ಪತ್ರೆಗೆ ಬಂದನು, ಮೊದಲು ಮಂತ್ರಕ್ಕೆ ಹೋಗಿದ್ದನೇ, ಎಷ್ಟು ಶೀಷೆ ಮದ್ದು ಬೇಕಾಯಿತು, ಮೂತ್ರಪಿಂಡ ಉಳಿಯಿತೇ, ಬೆರಳು ಉಳಿಯಿತೇ ಎಂಬ ಲೆಕ್ಕ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಹಾವುಕಡಿತವನ್ನು ಕಡ್ಡಾಯವಾಗಿ ವರದಿಮಾಡತಕ್ಕ ವಿಷಯವೆಂದು ಸಾರಿದೆ. ಆ ವರದಿಯನ್ನು ಬರಿಯ ಅಂಕಿಯಾಗಿ ಬಿಡದೆ ತಿಳಿವನ್ನಾಗಿ ಮಾಡಲು ಬಳ್ಳಾರಿಯ ಪ್ರೌಢವಿದ್ಯಾರ್ಥಿಗಿಂತ ತಕ್ಕವರು ಯಾರು?

ಹಾಸಿಗೆಯ ಬಳಿಯ ಲೆಕ್ಕವು ಬರಿಯ ವಿದ್ವತ್ತಿನ ಅಲಂಕಾರವಲ್ಲವೆಂಬುದನ್ನು ನಮ್ಮ ಊರು ಕಹಿಯಾಗಿ ಕಲಿತಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ಹಲವು ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಅಸ್ವಸ್ಥರಾಗಿ ಪ್ರಾಣ ಬಿಟ್ಟರು. ರಕ್ತನಾಳಕ್ಕೆ ಹಾಯಿಸುವ, ಒಂದು ಕಂಪನಿಯು ಒದಗಿಸಿದ ರಿಂಗರ್ಸ್ ಲ್ಯಾಕ್ಟೇಟ್ ಎಂಬ ದ್ರವದ ಮೇಲೆ ಸಂದೇಹವುಂಟಾಗಿ ಸರಕಾರವು ಅದರ ಬಳಕೆಯನ್ನು ನಿಲ್ಲಿಸಿತು. ತಾಯಿಯನ್ನು ಕಳೆದುಕೊಂಡ ಆ ಹಸುಗೂಸುಗಳ ಮನೆಗಳಿಗೆ ಯಾವ ಮಾತಿನಿಂದಲೂ ಸಮಾಧಾನವಿಲ್ಲ. ಆದರೆ ಇದರಿಂದ ಕಲಿಯತಕ್ಕ ಪಾಠವುಂಟು. ಹಳೆಯದೂ ನಂಬಿಕೆಯದೂ ಆದ ಒಂದು ದ್ರವವೇ ಕೊನೆಯ ಹೊಳೆಯಲ್ಲಿ ಕೇಡಿಗೆ ತಿರುಗಬಹುದಾದರೆ, ಯಾವ ಸೀಸೆ, ಯಾವ ಕಂತಿನದು, ಯಾರಿಗೆ, ಎಷ್ಟು ಹೊತ್ತಿಗೆ ಎಂದು ಬರೆದಿಡುವ ಕೈಯೂ, “ನಿನ್ನೆ ಒಬ್ಬಳು, ಇಂದು ಇನ್ನೊಬ್ಬಳು, ಇದರಲ್ಲಿ ಏನೋ ಒಂದೇ ಕಾರಣವಿದೆ” ಎಂದು ಕೂಡಲೆ ಅನುಮಾನಿಸುವ ಬುದ್ಧಿಯೂ ಪ್ರತಿ ಹಾಸಿಗೆಯ ಬಳಿಯಲ್ಲಿ ಬೇಕು. ಸಂಶೋಧನೆಯ ಶಿಕ್ಷಣವೆಂದರೆ ಮೊದಲು ಈ ಅನುಮಾನಿಸುವ ಬುದ್ಧಿಯ ಶಿಕ್ಷಣ.

ಈ ವ್ಯವಸ್ಥೆಯಲ್ಲಿ ಎಲ್ಲವೂ ಸರಿಯಾಗಿದೆಯೆಂದು ನಾವು ಹೇಳುವುದಿಲ್ಲ. ಹಗಲಿರುಳು ರೋಗಿಗಳ ನಡುವೆ ಓಡಾಡುವ ವಿದ್ಯಾರ್ಥಿಗೆ ಯೋಚಿಸಲು ಬಿಡುವೆಲ್ಲಿ? ಬಿಡುವಿಲ್ಲದವನು, ಹಿಂದಿನವರು ಹತ್ತು ಸಲ ಕೇಳಿದ ಪ್ರಶ್ನೆಯನ್ನೇ ಹನ್ನೊಂದನೆಯ ಸಲ ಕೇಳಿ, ಉತ್ತರವನ್ನು ಚಂದವಾಗಿ ಹೊಲಿಸಿ, ಕಪಾಟಿಗೆ ಸೇರಿಸಿ ಕೈತೊಳೆದುಕೊಂಡರೆ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಪ್ರಯೋಗಶಾಲೆಯನ್ನೂ ಹಾಸಿಗೆಯನ್ನೂ ಎರಡನ್ನೂ ಬಲ್ಲ ವೈದ್ಯರನ್ನು ತಯಾರಿಸಲು ದೊಡ್ಡ ಸಂಸ್ಥೆಗಳು ಈಗ ಮುಂದೆ ಬಂದಿವೆ. ಹರಿಯಾಣದ ಫರೀದಾಬಾದಿನಲ್ಲಿ ಇದಕ್ಕಾಗಿಯೇ 2009ರಲ್ಲಿ ಸ್ಥಾಪಿತವಾದ ಕೇಂದ್ರ ಸರಕಾರದ ಸಂಸ್ಥೆಯೊಂದು ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 425 ಕೋಟಿ ರೂಪಾಯಿಗಳ ದಾನದ ನೆರವಿನಿಂದ 800 ಹಾಸಿಗೆಗಳ ಆಸ್ಪತ್ರೆಯನ್ನೂ ಪ್ರೌಢ ವೈದ್ಯಶಾಲೆಯನ್ನೂ ಕಟ್ಟುವುದಾಗಿ 2022ರಲ್ಲಿ ಪ್ರಕಟಿಸಿತು. ಇವು ಬೇಕಾದುವೇ. ಆದರೆ ಬೆಂಗಳೂರಿನಲ್ಲಿ ಎಷ್ಟು ದೊಡ್ಡ ಹರಿಗೋಲನ್ನು ಕಟ್ಟಿದರೂ ಅದು ಬಂದು ತಂಗಬೇಕಾದ ದಡವು ಸಿರುಗುಪ್ಪ, ಕುರುಗೋಡುಗಳಲ್ಲಿಯೇ ಇದೆ. ಆ ದಡವನ್ನು ಬಲ್ಲವರು ಬಳ್ಳಾರಿಯಂಥ ಜಿಲ್ಲಾ ಕಾಲೇಜುಗಳಲ್ಲಿ ತಯಾರಾಗದಿದ್ದರೆ ಹರಿಗೋಲು ನಡುನೀರಿನಲ್ಲಿ ತಿರುಗುತ್ತಿರಬೇಕಾದೀತು. ಆದುದರಿಂದ ಪ್ರೌಢವಿದ್ಯಾರ್ಥಿಗೆ ವಾರದಲ್ಲಿ ಕೆಲವು ಗಂಟೆಗಳ ಬಿಡುವನ್ನೂ, ಲೆಕ್ಕ ಕಲಿಸುವ ಉಪಾಧ್ಯಾಯರನ್ನೂ ಒದಗಿಸುವುದು ಹೊಸ ಕಟ್ಟಡಗಳಷ್ಟೇ ಅವಶ್ಯವೆಂದು ನಮ್ಮ ಅಭಿಪ್ರಾಯ.

ಕಡೆಗೆ ಗೃಹಸ್ಥರ ಕರ್ತವ್ಯದ ಮಾತು. ಆಸ್ಪತ್ರೆಯಲ್ಲಿ ಕಿರಿಯ ವೈದ್ಯರೊಬ್ಬರು ಬಂದು, “ಒಂದು ಅಭ್ಯಾಸಕ್ಕಾಗಿ ನಿಮ್ಮ ಸೊಸೆಯ ವಿವರ ಬೇಕು, ಒಪ್ಪುವಿರಾ ತಾಯಿ?” ಎಂದು ಕೇಳಿದರೆ ಹೆದರಬೇಕಾದುದಿಲ್ಲ, ಹಾಗೆಂದು ಕಣ್ಣುಮುಚ್ಚಿ ಹೆಬ್ಬೆಟ್ಟನ್ನೂ ಒತ್ತಬೇಕಾದುದಿಲ್ಲ. ಏನು ಮಾಡುವಿರಿ, ಅಪಾಯವೇನು, ಸಮಿತಿಯ ಅನುಮತಿಯಿದೆಯೇ ಎಂದು ಕನ್ನಡದಲ್ಲಿಯೇ ಕೇಳಿ, ತಿಳಿದ ಮೇಲೆ ಒಪ್ಪತಕ್ಕದ್ದು. ಓದಲು ಬಾರದವರಿಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಎದುರಿನಲ್ಲಿ ಓದಿ ಹೇಳಬೇಕೆಂಬ ನಿಯಮವುಂಟು. ಒಪ್ಪದಿದ್ದರೂ, ಒಪ್ಪಿ ನಡುವೆ ಬಿಟ್ಟರೂ, ಸಲ್ಲಬೇಕಾದ ಚಿಕಿತ್ಸೆಯು ಸಲ್ಲಲೇಬೇಕು. ಸಂಶೋಧನೆಗಾಗಿಯೇ ಮಾಡುವ ಪರೀಕ್ಷೆಗೆ ರೋಗಿಯಿಂದ ಹಣ ಕೇಳುವಂತಿಲ್ಲ. ಒಪ್ಪಿಕೊಂಡ ಮನೆಯವರು ಮಾತ್ರ ನಿಜವನ್ನೇ ಹೇಳಬೇಕು. ನುಂಗದ ಗುಳಿಗೆಯನ್ನು ನುಂಗಿದೆನೆಂದು ವೈದ್ಯರ ಸಂತೋಷಕ್ಕಾಗಿ ಹೇಳಿದರೆ, ಆ ಸುಳ್ಳು ಲೆಕ್ಕದಲ್ಲಿ ಸೇರಿ ಇನ್ನೊಂದು ಮನೆಯ ಸೊಸೆಗೆ ಕೇಡಾಗಬಹುದು.

ಸಹಿಯಾದ ಒಪ್ಪಿಗೆಯ ಕಾಗದದ ಒಂದು ಪ್ರತಿಯು ನಿಮಗೆ ಸಲ್ಲತಕ್ಕದ್ದು, ಕೇಳಿ ಪಡೆಯಿರಿ. ಅದನ್ನೂ, ಆಸ್ಪತ್ರೆಯ ಚೀಟಿ, ರಕ್ತಪರೀಕ್ಷೆಯ ವರದಿ, ತಾಯಿ ಕಾರ್ಡುಗಳನ್ನೂ ಒಂದೇ ಚೀಲದಲ್ಲಿ ಹಾಕಿ, ಹೊಲದ ಪಹಣಿಯನ್ನಿಡುವ ಪೆಟ್ಟಿಗೆಯಲ್ಲಿಯೇ ಜೋಪಾನವಾಗಿಡಿ. ಮುಂದಿನ ಸಲ ಆಸ್ಪತ್ರೆಗೆ ಹೊರಡುವಾಗ ಆ ಚೀಲವನ್ನು ಮರೆಯದೆ ತೆಗೆದುಕೊಂಡು ಹೋಗಿರಿ.